ನಿಮ್ಮ ಫೈಬ್ರೊಬ್ಲಾಸ್ಟ್ ಲೇಖನದ ಬಗ್ಗೆ ಎರಡು ತಕರಾರು

ಶಹಾಪುರದ ನರ್ಸಿಂಗ್ ವಿದ್ಯಾರ್ಥಿನಿಗೆ,

ನೀವು ಕಳಿಸಿದ 'ದೇಹದೊಳಗಿನ ವೀರಯೋಧ' ಓದಿದೆ. ಭಾಷೆ ಓಡುತ್ತದೆ, ಕಾಗುಣಿತದ ತಪ್ಪು ಕಡಿಮೆ. ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಹೃದಯದಲ್ಲಿ ಕೂತು ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶದ ಬಗ್ಗೆ ಯಾದಗಿರಿ ಜಿಲ್ಲೆಯಿಂದ ನಮ್ಮ ಪತ್ರಿಕೆಗೆ ಲೇಖನ ಬಂದಿದ್ದು ಖುಷಿಯ ವಿಷಯ. ಇಷ್ಟು ಮೆಚ್ಚುಗೆ ಸಾಕು ಅಲ್ವಾ?

ಈಗ ಜಗಳಕ್ಕೆ ಬರುತ್ತೇನೆ. ನಿಮ್ಮ ಎರಡು ಸಾಲುಗಳು ನನಗೆ ಸಿಟ್ಟು ತರಿಸಿವೆ.

ಮೊದಲನೆಯದು: 'ಗಾಯವಾದ ಕ್ಷಣವೇ ಫೈಬ್ರೊಬ್ಲಾಸ್ಟ್ ಎಂಬ ವೀರಯೋಧ ರಣರಂಗಕ್ಕೆ ಧಾವಿಸಿ ವೈರಿಗಳನ್ನು ಸದೆಬಡಿಯುತ್ತಾನೆ.'

'ಕ್ಷಣವೇ' ತಪ್ಪು. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ದಿನ ಬರುವುದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು, ಅವುಗಳ ಹಿಂದೆ ಕಸ-ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶಗಳು. ಫೈಬ್ರೊಬ್ಲಾಸ್ಟ್‌ಗಳು ಗುಂಪಾಗಿ ಬರುವುದು ಎರಡು ಮೂರು ದಿನ ಕಳೆದ ಮೇಲೆ. 'ಧಾವಿಸಿ' ಕೂಡ ತಪ್ಪು, ಅವು ತೆವಳಿಕೊಂಡು ಬರುತ್ತವೆ. 'ಸದೆಬಡಿಯುತ್ತಾನೆ' ಇನ್ನೂ ದೊಡ್ಡ ತಪ್ಪು. ರೋಗಾಣುಗಳನ್ನು ನುಂಗುವುದು ಮುಖ್ಯವಾಗಿ ಮೊದಲು ಬಂದವರ ಕೆಲಸ. ಇವು ಮಾಡುವುದು ಬೇರೆ. ಮೊದಲು ಮೂರನೇ ಬಗೆಯ ತೆಳು ಕೊಲಾಜನ್ ಹಾಕುತ್ತವೆ, ಆಮೇಲೆ ನಿಧಾನಕ್ಕೆ ಅದರ ಜಾಗದಲ್ಲಿ ಗಟ್ಟಿಯಾದ ಒಂದನೇ ಬಗೆಯದು ಬರುತ್ತದೆ. ಕೆಲವು ಫೈಬ್ರೊಬ್ಲಾಸ್ಟ್‌ಗಳು ಸ್ನಾಯುವಿನ ಗುಣ ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಅವನ್ನು ಮಯೊಫೈಬ್ರೊಬ್ಲಾಸ್ಟ್ ಎನ್ನುವುದು ಅದಕ್ಕೇ, 'ಮಯೊ' ಅಂದರೆ ಸ್ನಾಯು. 1971ರಲ್ಲಿ ಜ್ಯೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ನೀವು ವಾರ್ಡಿನಲ್ಲಿ ಡ್ರೆಸಿಂಗ್ ಬಿಚ್ಚುವವರು. ಗಾಯದ ಬಾಯಿ ದಿನದಿಂದ ದಿನಕ್ಕೆ ಕಿರಿದಾಗುವುದನ್ನು ಕಣ್ಣಾರೆ ಕಂಡವರು. ಅದನ್ನು ಬಿಟ್ಟು ರಣರಂಗ ಯಾಕೆ ಬೇಕಾಯಿತು?

ನಾನು ಕೆಲಸ ಕಲಿತದ್ದು ಕಲಬುರಗಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ. ಮೇ ತಿಂಗಳಲ್ಲಿ ಫ್ಯಾನ್ ಕೂಡ ಬಿಸಿಗಾಳಿ ಬಿಡುತ್ತಿತ್ತು. ನಮ್ಮ ಹಿರಿಯ ಉಪಸಂಪಾದಕರ ಎದುರಿಗೆ ಪ್ರೂಫ್ ಹಿಡಿದು ಕೂರುವುದೇ ನನ್ನ ಕೆಲಸ. ಒಮ್ಮೆ ಸೇಡಂ ಕಡೆಯಿಂದ ದಾಲ್ ಮಿಲ್‌ಗೆ ಬೆಂಕಿ ಬಿದ್ದ ಸುದ್ದಿ ಬಂತು. 'ಅಗ್ನಿದೇವನ ರುದ್ರನರ್ತನ' ಎಂದೇ ಶುರು. ಅವರು ಏನೂ ಬೈಯಲಿಲ್ಲ. ಆ ಸಾಲಿನ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ 'ಎಷ್ಟ್ ಚೀಲ ತೊಗರಿ ಸುಟ್ಟಾವ, ಕೇಳಿ ಬರೀರಿ' ಅಂತ ಬರೆದು, ಅದೇ ಹಾಳೆಯನ್ನು ಸೇಡಂ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ವಾಪಸ್ ಕಳಿಸಿದರು. ಆ ಕೆಂಪು ಪೆನ್ನು ನೋಡಿಯೇ ನಾನು ಬರೆಯಲು ಕಲಿತೆ. ಈಗ ಅದು ನಿಮ್ಮ ಮೇಲೆ ತಿರುಗಿದೆ, ಬೇಜಾರಾಗಬೇಡಿ.

ಎರಡನೇ ಸಾಲು: 'ಆದರೆ ಕೆಲವೊಮ್ಮೆ ಈ ಯೋಧನೇ ದ್ರೋಹಿಯಾಗಿ ಶ್ವಾಸಕೋಶವನ್ನು ಕೊಲ್ಲುತ್ತಾನೆ.'

ಯೋಧ ದ್ರೋಹಿಯಾಗುವ ನಡುವೆ ಏನಾಯಿತು? ನಿಮ್ಮ ಲೇಖನದಲ್ಲಿ ಬದಲಾಗಿದ್ದು ಬರೀ ಬಿರುದು. ಕೋಶ ಮಾಡುವ ಕೆಲಸ ಎರಡೂ ಕಡೆ ಒಂದೇ: ಕೊಲಾಜನ್ ಹಾಕು, ಎಳೆದು ಬಿಗಿ ಮಾಡು. ಚರ್ಮದ ಗಾಯ ಮುಚ್ಚಿದ ಮೇಲೆ ಮಯೊಫೈಬ್ರೊಬ್ಲಾಸ್ಟ್‌ಗಳು ಹೆಚ್ಚಿನವು ತಾವಾಗಿಯೇ ಸಾಯುತ್ತವೆ. ಫೈಬ್ರೋಸಿಸ್‌ನಲ್ಲಿ, ಅಂದರೆ ಅಂಗಾಂಶ ಕಲೆಕಟ್ಟುತ್ತಲೇ ಹೋಗುವ ರೋಗದಲ್ಲಿ, ಸಾಯುವುದಿಲ್ಲ. ಟಿಜಿಎಫ್-ಬೀಟಾ ಎಂಬ ಸಂಕೇತ ಬರುತ್ತಲೇ ಇರುತ್ತದೆ. ಕಲೆಕಟ್ಟಿ ಗಡುಸಾದ ಅಂಗಾಂಶವೇ ಆ ಸಂಕೇತವನ್ನು ಮತ್ತಷ್ಟು ಎಬ್ಬಿಸುತ್ತದೆ. ಗಾಳಿಗೂಡುಗಳ ಗೋಡೆ ದಪ್ಪವಾಗುತ್ತದೆ, ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ. ನನಗೆ ಬೇಕಿದ್ದದ್ದು ಈ 'ಯಾಕೆ ನಿಲ್ಲಲಿಲ್ಲ' ಅನ್ನುವ ಕಥೆ. ದ್ರೋಹಿ ಅಂದ ಕೂಡಲೇ ಓದುಗ ಈ ಪ್ರಶ್ನೆ ಕೇಳುವುದನ್ನೇ ಬಿಡುತ್ತಾನೆ.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯ. ಆರನೇ ಪುಟದಲ್ಲಿ, ಅದೂ ಆವರಣದೊಳಗೆ, ಹೀಗೆ ಬರೆದಿದ್ದೀರಿ: 'ನಮ್ಮ ಅಜ್ಜ ಕೂಡ ಕಲ್ಲು ಒಡೆದು ದಮ್ಮು ಹತ್ತಿ ತೀರಿಕೊಂಡರು, ಟಿ.ಬಿ. ಅಂದಿದ್ದರು.' ಅಲ್ರೀ, ಇದನ್ನು ಆವರಣದಲ್ಲಿ ಹಾಕುವುದಾ? ಲೇಖನ ಶುರುವಾಗಬೇಕಿದ್ದದ್ದೇ ಇಲ್ಲಿಂದ.

ಅಜ್ಜ ಒಡೆದದ್ದು ಯಾವ ಕಲ್ಲು? ಶಹಾಬಾದ್ ಕಲ್ಲು ಸುಣ್ಣಕಲ್ಲು. ನಿಮ್ಮೂರಿನ ಬುದ್ಧ ಮಲಗಿದ ಬೆಟ್ಟದ ಕಡೆಯದು ಗ್ರಾನೈಟ್, ಅದರಲ್ಲಿ ಸಿಲಿಕಾ ಜಾಸ್ತಿ. ಸಿಲಿಕಾದ ಸಣ್ಣ ಧೂಳನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ಅರಗಿಸಲಾಗದೆ ಸಾಯುತ್ತದೆ. ಹೊರಬಿದ್ದ ಅದೇ ಕಣವನ್ನು ಇನ್ನೊಂದು ನುಂಗುತ್ತದೆ. ಪ್ರತಿ ಸಲವೂ ಫೈಬ್ರೊಬ್ಲಾಸ್ಟ್‌ಗಳಿಗೆ ಕರೆ ಹೋಗುತ್ತದೆ. ಕಲ್ಲಿನ ಕೆಲಸ ಬಿಟ್ಟು ವರ್ಷಗಳಾದರೂ ಸಿಲಿಕೋಸಿಸ್ ಎಂಬ ಈ ಧೂಳಿನ ರೋಗ ಬೆಳೆಯುವುದು ಹೀಗೆ. ಎಕ್ಸ್‌ರೇಯಲ್ಲಿ ಇದನ್ನು ಟಿ.ಬಿ. ಎಂದುಕೊಳ್ಳುವುದುಂಟು. ಸಿಲಿಕಾ ಧೂಳು ಹೊಕ್ಕ ಶ್ವಾಸಕೋಶಕ್ಕೆ ನಿಜವಾದ ಟಿ.ಬಿ. ಕೂಡ ಬೇಗ ಅಂಟುತ್ತದೆ. ಅಂದಮೇಲೆ ಅಜ್ಜನಿಗೆ ಎರಡೂ ಇದ್ದಿರಬಹುದು. ರೋಗ ಇಂಥದ್ದೇ ಎಂದು ನೀವೇ ತೀರ್ಮಾನ ಬರೆಯಬೇಡಿ. ಮನೆಯಲ್ಲಿ ಕೇಳಿ: ಎಷ್ಟು ವರ್ಷ ಒಡೆದರು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದರಾ, ಹಳೆ ಚೀಟಿ, ಎಕ್ಸ್‌ರೇ ಏನಾದರೂ ಟ್ರಂಕಿನಲ್ಲಿ ಉಳಿದಿದೆಯಾ. ಅಜ್ಜನ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅವರ ಹತ್ತಿರವೂ ಕೂತು ಮಾತಾಡಿ.

'ಶೀಘ್ರದಲ್ಲೇ ಈ ಕಲೆಗಳು ಮಾಯವಾಗಲಿವೆ' ಎಂಬ ಸಾಲನ್ನು ನಾನೇ ಹೊಡೆದು ಹಾಕಿದ್ದೇನೆ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಔಷಧಿಗಳು ಕಾರಣ ತಿಳಿಯದ ಶ್ವಾಸಕೋಶ ಫೈಬ್ರೋಸಿಸ್‌ನ ವೇಗ ತಗ್ಗಿಸುತ್ತವೆ, ಆಗಿಹೋದ ಕಲೆ ಅಳಿಸುವುದಿಲ್ಲ. ದಮ್ಮು ಇರುವವರ ಮನೆಗಳಲ್ಲೂ ನಮ್ಮ ಪತ್ರಿಕೆ ಓದುತ್ತಾರೆ, ಸುಮ್ನೆ ಆಸೆ ಹುಟ್ಟಿಸಬಾರದು. ಕ್ಯಾನ್ಸರ್ ಭಾಗದ ಬಗ್ಗೆ ಈಗ ಮಾತಾಡುವುದಿಲ್ಲ, ಅದು ಬೇರೆಯೇ ಲೇಖನ.

ತಿದ್ದಿದ ಪ್ರತಿ ಮುಂದಿನ ತಿಂಗಳ ಹತ್ತರೊಳಗೆ ಸಿಕ್ಕರೆ ಎರಡು ಪುಟ ಕೊಡುತ್ತೇನೆ. ಆ ಬಣ್ಣಬಣ್ಣದ ಜೀವಕೋಶದ ಚಿತ್ರ ಮಾತ್ರ ಮತ್ತೆ ಕಳಿಸಬೇಡಿ, ನಮ್ಮದು ಕಪ್ಪು-ಬಿಳುಪಿನ ಅಚ್ಚು.