‘ಮೂರು ಶಿಲುಬೆಗಳ ಕಥೆ’ಯ ಲೇಖಕರಿಗೆ

ಮಾನ್ಯರೇ,

ಬ್ರಿಟನ್ನಿನ ಬಾವುಟದ ಹುಟ್ಟನ್ನು ಕುರಿತು ತಾವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ತಮ್ಮ ಭಾಷೆ ಅಚ್ಚುಕಟ್ಟಾಗಿದೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ತೊಡಕು ಮೊದಲ ಪುಟದಲ್ಲೇ ಇದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದಾಗ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರು ಹಿಡಿದಿದ್ದ ಬಾವುಟದ ‘ಕೆಂಪು ಓರೆಗೆರೆಗಳು’ ನೆತ್ತರಿನಂತೆ ಹೊಳೆದವೆಂದು ಬರೆದಿದ್ದೀರಿ. ಆ ವರ್ಷ ಅವರ ಯೂನಿಯನ್ ಬಾವುಟದಲ್ಲಿ ಅಂಥ ಗೆರೆಗಳೇ ಇರಲಿಲ್ಲ. ಸಂತ ಪ್ಯಾಟ್ರಿಕ್‌ನ ಹೆಸರಿನ ಆ ಕೆಂಪು ಓರೆ ಶಿಲುಬೆ ಅದರೊಳಗೆ ಸೇರಿದ್ದು ಐರ್ಲೆಂಡ್ ಒಕ್ಕೂಟಕ್ಕೆ ಬಂದ 1801ರ ಜನವರಿ 1ರಂದು. ಈಸ್ಟ್ ಇಂಡಿಯಾ ಕಂಪನಿಯ ಕೆಂಪು-ಬಿಳಿ ಪಟ್ಟೆಗಳ ಬಾವುಟದ ಮೂಲೆಯೂ ಹೀಗೆಯೇ ಕಾಲಕ್ಕೆ ತಕ್ಕಂತೆ ಬದಲಾಯಿತು: 1707ರವರೆಗೆ ಅಲ್ಲಿದ್ದದ್ದು ಇಂಗ್ಲೆಂಡಿನ ಗುರುತಾದ ಸಂತ ಜಾರ್ಜ್‌ನ ಕೆಂಪು ಶಿಲುಬೆ ಮಾತ್ರ. ಇಂದಿನ ಬಾವುಟವನ್ನು ಎಲ್ಲ ಶತಮಾನಗಳ ಮೇಲೂ ಹಾರಿಸಿರುವುದೇ ತಮ್ಮ ಲೇಖನದ ಮೂಲ ದೋಷ.

832ರಲ್ಲಿ ದೊರೆ ಏಂಗಸ್‌ನಿಗೆ ನೀಲಿ ಆಗಸದಲ್ಲಿ ಸಂತ ಆಂಡ್ರ್ಯೂನ ಬಿಳಿ ಓರೆ ಶಿಲುಬೆ ಕಂಡಿತೆಂಬುದು ಸ್ಕಾಟ್ಲೆಂಡಿನ ಐತಿಹ್ಯ. ಅದನ್ನು ಹೇಳಿ, ಆದರೆ ಐತಿಹ್ಯವೆಂದೇ ಹೇಳಿ.

ಇನ್ನು, ನಿಜವಾದ ಕಥೆ ಇರುವಲ್ಲಿ ತಾವು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ. ಸ್ಕಾಟ್ಲೆಂಡಿನ ದೊರೆಯಾಗಿದ್ದು 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ಜೇಮ್ಸ್, 1606ರ ಏಪ್ರಿಲ್ 12ರಂದು ಎರಡೂ ರಾಜ್ಯಗಳ ಶಿಲುಬೆಗಳನ್ನು ಕೂಡಿಸಿದ ಬಾವುಟವನ್ನು ಹಡಗುಗಳ ನಡುಗಂಬದ ಮೇಲೆ ಹಾರಿಸಬೇಕೆಂದೂ, ಮುಂಗಂಬದ ಮೇಲೆ ಅವರವರ ಹಳೆಯ ಶಿಲುಬೆಯೇ ಇರಬೇಕೆಂದೂ ಆಜ್ಞೆ ಹೊರಡಿಸಿದ. ಗಮನಿಸಿ, ಅದು ಹಡಗುಗಳ ಬಾವುಟ, ಇಂದಿನ ಅರ್ಥದ ರಾಷ್ಟ್ರಧ್ವಜವಲ್ಲ. ತಮ್ಮ ಬಿಳಿ ಶಿಲುಬೆಯ ಮೇಲೆ ಇಂಗ್ಲೆಂಡಿನ ಕೆಂಪು ಶಿಲುಬೆ ಅಡ್ಡ ಬಿದ್ದಿದೆಯೆಂದು ಸ್ಕಾಟಿಷ್ ನಾವಿಕರು ಅದೇ ವರ್ಷ ದೂರಿದರು. ಬಿಳಿಯನ್ನೇ ಮೇಲಿಟ್ಟ ಬಾವುಟಗಳೂ ಆ ಶತಮಾನದಲ್ಲಿ ಅಲ್ಲಿ ಬಳಕೆಗೆ ಬಂದವು. 1801ರ ವಿನ್ಯಾಸದಲ್ಲಿ ಕೆಂಪು ಓರೆ ಪಟ್ಟಿಯನ್ನು ನಡುವಿಗೆ ಎಳೆಯದೆ ಬದಿಗೆ ಸರಿಸಿ, ಕಂಬದ ಕಡೆಯ ಅರ್ಧದಲ್ಲಿ ಸ್ಕಾಟ್ಲೆಂಡಿನ ಬಿಳಿಗೆ ಮೇಲಿನ ಸ್ಥಾನವನ್ನೂ ಇನ್ನೊಂದು ಅರ್ಧದಲ್ಲಿ ಐರ್ಲೆಂಡಿನ ಕೆಂಪಿಗೆ ಅದೇ ಸ್ಥಾನವನ್ನೂ ಕೊಟ್ಟದ್ದನ್ನು ನೋಡಿದರೆ, ಯಾರು ಮೇಲೆ, ಯಾರು ಕೆಳಗೆ ಎಂಬ ಜಗಳ ಬಟ್ಟೆಯ ಮೇಲೆ ಎಷ್ಟು ನಾಜೂಕಾಗಿ ಇತ್ಯರ್ಥವಾಯಿತೆಂಬುದು ತಿಳಿಯುತ್ತದೆ. ಲೇಖನವನ್ನು ಈ ಜಗಳದಿಂದಲೇ ಆರಂಭಿಸಿ. ಇಂಗ್ಲೆಂಡಿನ ಕಾನೂನಿನೊಳಗೆ 1536ರಿಂದಲೇ ಸೇರತೊಡಗಿದ್ದ ವೇಲ್ಸ್‌ಗೆ ಇದರಲ್ಲಿ ಜಾಗವಿಲ್ಲದ್ದಕ್ಕೆ ಒಂದು ಸಾಲು ಸಾಕು. ಈ ಬಾವುಟಕ್ಕಿರುವ ‘ಯೂನಿಯನ್ ಜ್ಯಾಕ್’ ಎಂಬ ಹೆಸರಿನಲ್ಲಿನ ‘ಜ್ಯಾಕ್’ ಬಗೆಗಿನ ಅರ್ಧ ಪುಟದ ಊಹೆಗಳನ್ನು ದಯವಿಟ್ಟು ತೆಗೆಯಿರಿ; ನಾನು ಓದುತ್ತಾ ದಣಿದೆ.

ಪರಿಷ್ಕರಿಸಿದ ಪ್ರತಿಯೊಂದಿಗೆ ಬೇರೊಂದು ಚಿತ್ರವನ್ನೂ ಕಳುಹಿಸಿ. ಕಂಬದ ಬದಿಯ ಮೇಲ್ಮೂಲೆಯಲ್ಲಿ ಅಗಲವಾದ ಬಿಳಿ ಪಟ್ಟಿ ಕೆಂಪಿನ ಮೇಲೆ ಬರಬೇಕು. ತಾವು ಲಗತ್ತಿಸಿದ ಚಿತ್ರದಲ್ಲಿ ಬಾವುಟ ತಲೆಕೆಳಗಾಗಿದೆ.

ಇಂತಿ,
ಸಂಪಾದಕ