ಕಾಫಿ ಕಣದಲ್ಲಿ ಸ್ಲಾಲಮ್ ಕಲೀಬಹುದಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬಿ.ಕಾಂ ಓದ್ತಿದೀನಿ. ಪುಟ್ಟ ಪುಟ್ಟ ಕೋನ್ ಸಾಲಾಗಿ ಇಟ್ಟು ಅದ್ರ ಮಧ್ಯೆ ಸ್ಕೇಟ್ಸ್ ಹಾಕ್ಕೊಂಡು ಕಾಲು ಹೆಣ್ಕೊಂಡು ಹೋಗೋ ಸ್ಲಾಲಮ್ ವಿಡಿಯೋ ನೋಡಿ ಹುಚ್ಚು ಹಿಡಿದಿದೆ. ಒಂದೇ ಸಾಲಲ್ಲಿ ವೀಲ್ ಇರೋ ಇನ್‌ಲೈನ್ ಸ್ಕೇಟ್ಸ್ ತಗೊಂಡೂ ಆಯ್ತು, ನೇರ ಹೋಗೋಕೆ ಮಾತ್ರ ಬರುತ್ತೆ. ನಮ್ಮ ಕಡೆ ಕೋಚ್ ಇಲ್ಲ, ರಿಂಕ್ ಇಲ್ಲ. ಮನೆ ಮುಂದೆ ಕಾಫಿ ಕಣ ಇದೆ, ಅಲ್ಲೇ ಕಲೀಲಾ? ಕೋನ್ ಎಷ್ಟು ದೂರಕ್ಕೆ ಇಡ್ಬೇಕು?
– ಒಬ್ಬ ಓದುಗಿ, ಗೋಣಿಕೊಪ್ಪ

ಉತ್ತರ: ಸಿಮೆಂಟ್ ಕಣ ಆದ್ರೆ ಧಾರಾಳವಾಗಿ ಕಲೀರಿ, ಕೊಡಗಲ್ಲಿ ಸಮತಟ್ಟು ಜಾಗ ಸಿಗೋದೇ ಕಷ್ಟ, ಮನೆ ಮುಂದೆನೇ ಇದೆ ಅಂದ್ರೆ ಅದೇ ನಿಮ್ಮ ರಿಂಕ್. ಕಾಫಿ ಒಣಗಿಸೋ ತಿಂಗಳುಗಳಲ್ಲಿ ಮಾತ್ರ ಆ ಕಡೆ ಹೋಗ್ಬೇಡಿ. ರೊಬಸ್ಟಾ ಎಲ್ಲಾ ಎತ್ತಿ ಕಣ ಖಾಲಿ ಆದ್ಮೇಲೆ ಮಳೆ ಹಿಡಿಯೋವರೆಗೆ, ಅಂದ್ರೆ ಏಪ್ರಿಲ್ ಮೇ, ನಿಮಗೆ ಸಿಗೋ ಒಳ್ಳೆ ಸಮಯ. ಮೊದ್ಲು ಚೆನ್ನಾಗಿ ಗುಡಿಸಿ, ಕಾಫಿ ಸಿಪ್ಪೆ, ಸಣ್ಣ ಜಲ್ಲಿ ಒಂದು ವೀಲ್ ಕೆಳಗೆ ಸಿಕ್ಕಿದ್ರೂ ಕಾಲು ಗಕ್ಕಂತ ನಿಂತು ಮೈ ಮುಂದೆ ಹೋಗಿಬಿಡುತ್ತೆ. ನೀರು ಹರಿದು ಹೋಗ್ಲಿ ಅಂತ ಕಣಕ್ಕೆ ಒಂಚೂರು ಇಳಿಜಾರು ಕೊಟ್ಟಿರ್ತಾರೆ, ಯಾವ ಕಡೆ ಅಂತ ನೋಡ್ಕೊಂಡು ಶುರುವಿಗೆ ಏರೋ ದಿಕ್ಕಿಗೆ ಹೋಗಿ. ಸಿಮೆಂಟ್ ಜಾಯಿಂಟ್ ಗೆರೆಗಳನ್ನ ಅಡ್ಡ ದಾಟೋ ಹಾಗೆ ಸಾಲು ಹಾಕಿ, ಗೆರೆ ಉದ್ದಕ್ಕೇ ಹೋದ್ರೆ ವೀಲ್ ಸಂದಿಗೆ ಇಳಿದು ಬೀಳ್ತೀರಿ.

ಕೋನ್ ವಿಷಯಕ್ಕೆ ಬರೋಣ, ಆದ್ರೆ ಅದಕ್ಕಿಂತ ಮುಂಚೆ ಒಂದು ಮಾತು ಒತ್ತಿ ಹೇಳ್ಬೇಕು. ಒಂದೇ ಕಾಲಲ್ಲಿ ನಿಂತು ಜಾರೋಕೆ ಬರದೆ ಕೋನ್ ಮುಟ್ಬೇಡಿ. ಸ್ಲಾಲಮ್‌ನಲ್ಲಿ ಮುಂದೆ ಕಲಿಯೋ ಹೆಚ್ಚಿನ ಮೂವ್‌ಗಳಲ್ಲಿ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹೋಗ್ತಾನೇ ಇರುತ್ತೆ, ಮಧ್ಯದ ಆ ಒಂದು ಕ್ಷಣ ಇಡೀ ಮೈ ಒಂದೇ ಸ್ಕೇಟ್ ಮೇಲೆ, ಅದೂ ವೀಲಿನ ಒಳ ಅಂಚು ಇಲ್ಲಾ ಹೊರ ಅಂಚಿನ ಮೇಲೆ ನಿಂತಿರುತ್ತೆ. ಬಲಗಾಲಲ್ಲಿ ಬಂತು ಅಂತ ಖುಷಿಯಾಗಿ ಎಡಗಾಲನ್ನ ಮರೆತುಬಿಡೋರೇ ಜಾಸ್ತಿ, ಕೊನೆಗೆ ಕೋನ್ ಮಧ್ಯೆ ಅದೇ ಕಾಲು ಕೈ ಕೊಡುತ್ತೆ. ಹಾಗಾಗಿ ಬರದ ಕಾಲಿಗೇ ಜಾಸ್ತಿ ಹೊತ್ತು ಕೊಡಿ. ಹಾಕಿ ಆಡೋರು ಬಾಲ್ ಹಿಡಿಯೋಕೆ ನಿಲ್ತಾರಲ್ಲ, ಮೊಣಕಾಲು ಬಗ್ಗಿಸಿ ಭಾರ ಮುಂದಕ್ಕೆ ಹಾಕಿ, ಹಾಗೆ ನಿಲ್ಲಿ. ಗೋಣಿಕೊಪ್ಪದವರಿಗೆ ಇದನ್ನ ಬೇರೆ ಹೇಳ್ಕೊಡ್ಬೇಕಾಗಿಲ್ಲ. ನಿಲ್ಲಿಸೋದೂ ಮೊದಲೇ ಕಲೀರಿ, ಸ್ಲಾಲಮ್ ಸ್ಕೇಟ್ಸ್‌ಗೆ ಹಿಂದಿನ ಬ್ರೇಕ್ ಇರೋದಿಲ್ಲ, ಎರಡೂ ಹಿಮ್ಮಡಿ ಹೊರಗೆ ತಳ್ಳಿ ಮುಂಪಾದ ಒಳಗೆ ತಿರುಗಿಸಿ ನಿಲ್ಲೋದು ಮೊದಲು, ಆಮೇಲೆ ಒಂದು ಕಾಲನ್ನ ಹಿಂದೆ ಅಡ್ಡ ಎಳೆದು ನಿಲ್ಲೋದು.

ಇಷ್ಟು ಬಂದ್ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಹಾಕ್ಕೊಳ್ಳಿ. ಸ್ಪರ್ಧೆಗಳಲ್ಲಿ 50, 80, 120 ಸೆಂಟಿಮೀಟರ್ ಅಂತ ಮೂರು ಅಂತರ ಇರುತ್ತೆ. ನೀವು 120ರಲ್ಲಿ ಶುರು ಮಾಡಿ 80ಕ್ಕೆ ಬನ್ನಿ, 50ರ ಯೋಚನೆ ಈಗ ಬೇಡ. ಚುಕ್ಕಿ ಆದ್ಮೇಲೆ ಪೇಪರ್ ಲೋಟ ಬೋರಲು ಹಾಕಿದ್ರೂ ಸಾಕು, ದಯವಿಟ್ಟು ಕಲ್ಲು, ತೆಂಗಿನ ಚಿಪ್ಪು ಇಡ್ಬೇಡಿ. ಮೊದಲ ಮೂವ್ ಹೆಸರು ಫಿಶ್, ಕೋನ್ ಬಂದಾಗ ಎರಡೂ ಕಾಲು ಅಗಲ ಮಾಡೋದು, ದಾಟಿದ್ಮೇಲೆ ಸೇರಿಸೋದು. ಆಮೇಲೆ ಸ್ನೇಕ್, ಅದ್ರಲ್ಲಿ ಒಂದು ಕಾಲಿನ ಹಿಂದೆ ಇನ್ನೊಂದು ಇಟ್ಟು ಕೋನ್‌ಗಳ ಆಕಡೆ ಈಕಡೆ ಬಳಸ್ಕೊಂಡು ಹೋಗೋದು. ಮೂರನೇದು ಕ್ರಿಸ್ ಕ್ರಾಸ್, ಎರಡು ಕೋನ್ ಮಧ್ಯದಲ್ಲಿ ಕಾಲು ಅಡ್ಡ ಹಾಕಿ ಬಿಡಿಸೋದು. ಈ ಮೂರನ್ನೂ ನಿಧಾನಕ್ಕೆ, ಕಣ್ಣು ಕಾಲ ಮೇಲೆ ಇಡದೆ ಎರಡು ಮೂರು ಕೋನ್ ಮುಂದೆ ನೋಡ್ಕೊಂಡು ಮಾಡೋಕೆ ಬಂದ್ರೆ ನೀವು ನಿಜವಾಗ್ಲೂ ಸ್ಲಾಲಮ್ ಶುರು ಮಾಡಿದ್ರಿ ಅಂತ ಅರ್ಥ. ಮೊಣಕಾಲು, ಮೊಣಕೈ, ಮಣಿಕಟ್ಟಿನ ಗಾರ್ಡ್, ಹೆಲ್ಮೆಟ್ ಎಲ್ಲಾ ಇರ್ಲೇಬೇಕು, ಬೀಳುವಾಗ ಕೈ ಊರೋದು ಸಹಜ, ಹಾಗಾಗಿ ಮಣಿಕಟ್ಟಿನದ್ದನ್ನ ಯಾವತ್ತೂ ಬಿಡ್ಬೇಡಿ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ. ಅಂಗಡೀಲಿ ಉದ್ದ ಹೆಚ್ಚು ಕಮ್ಮಿ ಮಾಡೋ ಸ್ಕೇಟ್ಸ್ ಕೊಡ್ತಾರೆ, ಸ್ಲಾಲಮ್‌ದು ಅಂದ್ರೆ ಬಹಳ ದುಬಾರಿ. ಯಾವುದು ತಗೊಳ್ಳಲಿ? ರಾಕರ್ ಅಂದ್ರೇನು?
– ಒಬ್ಬ ತಾಯಿ, ಮಡಿಕೇರಿ

ಉತ್ತರ: ಬೆಳೆಯೋ ಮಗುಗೆ ಉದ್ದ ಬದಲಾಯಿಸೋ ಬೂಟು ತಪ್ಪಲ್ಲ ಅಮ್ಮ. ನೋಡ್ಬೇಕಾದ್ದು ಎರಡೇ, ಹಿಮ್ಮಡಿ ಒಳಗೆ ಮೇಲೇಳಬಾರದು, ಕಣಕಾಲು ಪಕ್ಕಕ್ಕೆ ವಾಲಬಾರದು. ಮುಂದಿನ ವರ್ಷಕ್ಕೂ ಆಗ್ಲಿ ಅಂತ ದೊಡ್ಡ ಸೈಜ್ ಮಾತ್ರ ತಗೋಬೇಡಿ. ರಾಕರ್ ಅಂದ್ರೆ ನಾಲ್ಕು ವೀಲಲ್ಲಿ ಮಧ್ಯದ ಎರಡು ಒಂಚೂರು ಕೆಳಗಿರೋದು, ಉದಾಹರಣೆಗೆ ಮಧ್ಯದಲ್ಲಿ 80 ಮಿಲಿಮೀಟರ್, ತುದಿಗಳಲ್ಲಿ 76. ನೆಲ ಮುಟ್ಟೋ ಭಾಗ ಚಿಕ್ಕದಾಗೋದ್ರಿಂದ ಬೇಗ ತಿರುಗುತ್ತೆ, ಆದ್ರೆ ಹೊಸಬರಿಗೆ ಹಿಂದೆ ಮುಂದೆ ತೂಗಾಡಿದಂಗೆ ಆಗುತ್ತೆ. ಈಗ ನಾಲ್ಕೂ ಸಮ ಇರ್ಲಿ. ವೀಲ್ ಸವೀತಾ ಬಂದಾಗ ಸವೆದವನ್ನ ತುದಿಗಳಿಗೂ ದಪ್ಪ ಇರೋದನ್ನ ಮಧ್ಯಕ್ಕೂ ಹಾಕಿ, ಖರ್ಚಿಲ್ಲದೆ ರಾಕರ್ ಆಯ್ತು. ಇನ್ನೊಂದು, ನಿಮ್ಮೂರಿನ ಇಳಿಜಾರು ರಸ್ತೆಗೆ ಯಾವ ಕಾರಣಕ್ಕೂ ಬಿಡ್ಬೇಡಿ.

ಪ್ರಶ್ನೆ: ನನಗೆ 38. ಈಗ ಶುರು ಮಾಡಿದ್ರೆ ಸ್ಪರ್ಧೆಗೆ ಹೋಗೋಕಾಗುತ್ತಾ?
– ಒಬ್ಬ ಓದುಗ, ಕುಶಾಲನಗರ

ಉತ್ತರ: ಕಲಿಯೋಕೆ ವಯಸ್ಸು ಅಡ್ಡಿ ಬರೋಲ್ಲ, ಬಿದ್ರೆ ಗಾಯ ಮಾಗೋಕೆ ಸ್ವಲ್ಪ ಜಾಸ್ತಿ ದಿನ ಬೇಕು ಅಷ್ಟೆ, ಗಾರ್ಡ್ ಹಾಕಿ. ಸ್ಪರ್ಧೆ ಹೇಗಿರುತ್ತೆ ಅಂತ ತಿಳ್ಕೊಂಡಿರಿ. ಸ್ಪೀಡ್ ಸ್ಲಾಲಮ್‌ನಲ್ಲಿ 80 ಸೆಂಟಿಮೀಟರ್ ಅಂತರದ 20 ಕೋನ್‌ಗಳನ್ನ ಒಂದೇ ಕಾಲಲ್ಲಿ ದಾಟ್ಬೇಕು, ಒಂದು ಕೋನ್ ತಾಗಿದ್ರೆ 0.2 ಸೆಕೆಂಡ್ ಸೇರಿಸ್ತಾರೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೂ ಇದು ಇತ್ತು. ಹಾಡಿಗೆ ತಕ್ಕಂಗೆ ಮೂವ್ ಜೋಡಿಸೋದು ಕ್ಲಾಸಿಕ್, ಅದು ಬೇರೆ. ಕೊಡಗಿನ ಬೇರೆ ಕಡೆಗಿಂತ ನಿಮ್ಮೂರಲ್ಲಿ ಮಳೆ ಕಮ್ಮಿ, ನೆಲ ಚಪ್ಪಟೆ, ಇದನ್ನ ಉಪಯೋಗಿಸ್ಕೊಳ್ಳಿ.

ಪ್ರಶ್ನೆ: ಮಳೆಗಾಲ ನಾಲ್ಕು ತಿಂಗಳು ಏನ್ಮಾಡೋದು? ಒದ್ದೆ ನೆಲದಲ್ಲಿ ನಿಧಾನಕ್ಕೆ ಮಾಡಿದ್ರೆ ನಡೆಯುತ್ತಾ?
– ಒಬ್ಬ ಓದುಗ, ಸೋಮವಾರಪೇಟೆ

ಉತ್ತರ: ನಡೆಯೋಲ್ಲ. ಒದ್ದೆ ಸಿಮೆಂಟ್ ಮೇಲೆ ಪಾಚಿ ಕಟ್ಟಿರುತ್ತೆ, ಅಂಚಿನ ಮೇಲೆ ವಾಲಿದ ತಕ್ಷಣ ವೀಲ್ ಜಾರುತ್ತೆ, ಮೊಣಕಾಲು ತಿರುಚಿದ್ರೆ ಆ ವರ್ಷ ಪೂರ್ತಿ ಹೋಯ್ತು. ಸ್ಕೂಲಿನ ಶಟಲ್ ಕೋರ್ಟೋ ಸಮುದಾಯ ಭವನವೋ ಖಾಲಿ ಇರೋ ಹೊತ್ತಿಗೆ ಕೇಳಿ ನೋಡಿ, ವೀಲ್ ಒರೆಸ್ಕೊಂಡು ಹೋಗ್ತೀನಿ ಅಂದ್ರೆ ಒಪ್ಪೋರು ಇರ್ತಾರೆ. ಅದೂ ಸಿಗದಿದ್ರೆ ಮನೆ ಜಗಲಿ ಮೇಲೆ ಸ್ಕೇಟ್ಸ್ ಹಾಕ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋದು, ಗೋಡೆ ಹಿಡ್ಕೊಂಡು ಒಳ ಅಂಚು ಹೊರ ಅಂಚಿಗೆ ವಾಲೋದು, ಇದಕ್ಕೆ ಜಾಗವೇ ಬೇಡ. ಸ್ಕೇಟ್ಸ್ ನೆನೆದ್ರೆ ಅವತ್ತೇ ಬೇರಿಂಗ್ ಬಿಚ್ಚಿ ಒರೆಸಿ ಒಣಗಿಸಿ ಒಂದು ಹನಿ ಎಣ್ಣೆ ಬಿಡಿ, ನಾಳೆ ಅಂದ್ರೆ ಈ ತೇವಕ್ಕೆ ತುಕ್ಕು ಹಿಡಿಯುತ್ತೆ. ಬಟ್ಟೆ ಒಣಗಿಸೋ ಹಾಗೆ ಬೂಟನ್ನ ಒಲೆ ಹತ್ರ ಇಡ್ಬೇಡಿ, ಬಿಸಿಗೆ ಅಂಟು ಬಿಟ್ಟು ಆಕಾರ ಕೆಡುತ್ತೆ, ಒಳಗಿನ ಲೈನರ್ ಹೊರಗೆ ತೆಗೆದು ಫ್ಯಾನ್ ಗಾಳಿಗೆ ಇಡಿ.