ಕಾಪಾಡಲಾಗದಿದ್ದರೂ ಸಂದ ಪದಕ

ಪ್ರಶ್ನೆ: ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹ್ಯಾಮಿಲ್ಟನ್ ನಗರದ ಯುದ್ಧವಿಮಾನ ಸಂಗ್ರಹಾಲಯದಲ್ಲಿ ಮಿನಾರ್ಸ್ಕಿ ಎಂಬ ಯೋಧರ ಸ್ಮರಣೆಗೆ ಮೀಸಲಾದ, ಎರಡನೇ ಮಹಾಯುದ್ಧದ ಕಾಲದ ಲ್ಯಾಂಕಾಸ್ಟರ್ ಬಾಂಬರ್ ವಿಮಾನವನ್ನು ನೋಡಿದೆ. ಸಂಗಾತಿಯನ್ನು ಉಳಿಸಲು ಹೋಗಿ, ಉಳಿಸಲಾಗದೆ ಅವರು ಮಡಿದರಂತೆ. ಹಾಗಿದ್ದೂ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆತದ್ದು ಹೇಗೆ? ಅದು ಅವರಿದ್ದ ವಿಮಾನವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅದು ಅವರಿದ್ದ ವಿಮಾನವಲ್ಲ. ಅವರ ವಿಮಾನ ಫ್ರಾನ್ಸಿನಲ್ಲಿ ಬಿದ್ದು ನಾಶವಾಯಿತು. ನೀವು ನೋಡಿದ ವಿಮಾನದ ಮೇಲೆ ಆ ನಾಶವಾದ ವಿಮಾನದ ಗುರುತಿನ ಅಕ್ಷರಗಳನ್ನು ಬರೆಯಲಾಗಿದೆ. ಇಂದಿಗೂ ಹಾರಬಲ್ಲ ಎರಡೇ ಲ್ಯಾಂಕಾಸ್ಟರ್‌ಗಳಲ್ಲಿ ಅದೂ ಒಂದು.

ಆಂಡ್ರ್ಯೂ ಮಿನಾರ್ಸ್ಕಿ 1916ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವರು. 1944ರ ಜೂನ್ 12ರ ರಾತ್ರಿ, ನಾರ್ಮಂಡಿಯಲ್ಲಿ ಮಿತ್ರಪಡೆಗಳು ಇಳಿದು ಇನ್ನೂ ಒಂದು ವಾರವೂ ತುಂಬಿರದಾಗ, ಫ್ರಾನ್ಸಿನ ಕಾಂಬ್ರೇ ಪಟ್ಟಣದ ರೈಲು ನೆಲೆಯ ಮೇಲೆ ಬಾಂಬ್ ಹಾಕಲು ಹೊರಟ ಏಳು ಜನರ ತಂಡದಲ್ಲಿ ಅವರು ವಿಮಾನದ ಬೆನ್ನ ಮೇಲಿನ ಗೂಡಿನಿಂದ ಗುಂಡು ಹಾರಿಸುವ ಗನ್ನರ್ ಆಗಿದ್ದರು. ಜರ್ಮನ್ ಯುದ್ಧವಿಮಾನದ ದಾಳಿಗೆ ಎಡಬದಿಯ ಎರಡೂ ಎಂಜಿನ್‌ಗಳು ಕೆಟ್ಟು ಬೆಂಕಿ ಹೊತ್ತಿತು. ಎಲ್ಲರೂ ಹೊರಗೆ ಜಿಗಿಯಬೇಕೆಂದು ಪೈಲಟ್ ಆಜ್ಞೆ ಕೊಟ್ಟರು.

ಬಾಗಿಲ ಬಳಿ ಬಂದ ಮಿನಾರ್ಸ್ಕಿ ಹಿಂತಿರುಗಿ ನೋಡಿದಾಗ, ಬಾಲದ ತುದಿಯ ಗನ್ನರ್ ಪ್ಯಾಟ್ ಬ್ರೋಫಿ ತಮ್ಮ ಗಾಜಿನ ಗೂಡಿನೊಳಗೆ ಸಿಕ್ಕಿಬಿದ್ದಿದ್ದರು. ಆ ಗೂಡು ಎಂಜಿನ್ ಒದಗಿಸುವ ಹೈಡ್ರಾಲಿಕ್ ಒತ್ತಡದಿಂದ ತಿರುಗುವಂಥದ್ದು. ಎಂಜಿನ್ ಸತ್ತಾಗ ಅದೂ ಅಲುಗದಾಯಿತು, ಕೈಯಿಂದ ತಿರುಗಿಸುವ ಸಾಧನವೂ ಕೈಕೊಟ್ಟಿತು. ಜಿಗಿದಿದ್ದರೆ ಮಿನಾರ್ಸ್ಕಿ ಬಹುಶಃ ಬದುಕುತ್ತಿದ್ದರು. ಅವರು ಬೆಂಕಿಯ ನಡುವೆ ತೆವಳುತ್ತ ಹಿಂದಕ್ಕೆ ಹೋಗಿ, ಮೊದಲು ಕೊಡಲಿಯಿಂದ, ಬಳಿಕ ಬರಿಗೈಯಿಂದ ಗೂಡನ್ನು ಸರಿಸಲು ಹೆಣಗಿದರು. ಬಟ್ಟೆಗೂ ಪ್ಯಾರಾಚೂಟ್‌ಗೂ ಬೆಂಕಿ ತಗುಲಿತ್ತು. ಹೊರಟುಹೋಗುವಂತೆ ಬ್ರೋಫಿ ಕೈಬೀಸಿದ ಮೇಲೆಯೇ ಅವರು ಒಲ್ಲದ ಮನಸ್ಸಿನಿಂದ ಹಿಂದೆ ಸರಿದರು. ಬಾಗಿಲ ಬಳಿ, ಉರಿಯುವ ಉಡುಪಿನಲ್ಲೇ, ಬ್ರೋಫಿಯವರತ್ತ ತಿರುಗಿ ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿ ಜಿಗಿದರು. ಫ್ರೆಂಚ್ ಜನರು ಅವರನ್ನು ಪತ್ತೆಹಚ್ಚಿದರೂ ಸುಟ್ಟಗಾಯಗಳಿಂದ ಅವರು ಉಳಿಯಲಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಗೂಡು ಕಿತ್ತುಬಂದು ಬ್ರೋಫಿ ದೂರಕ್ಕೆ ಎಸೆಯಲ್ಪಟ್ಟರು ಮತ್ತು ಬದುಕಿದರು. ಏಳು ಜನರಲ್ಲಿ ಸತ್ತವರು ಮಿನಾರ್ಸ್ಕಿ ಒಬ್ಬರೇ. ಬೆಂಕಿಯೊಳಗೆ ನಡೆದದ್ದನ್ನು ಕಂಡಿದ್ದ ಏಕೈಕ ವ್ಯಕ್ತಿ ಬ್ರೋಫಿ. ಅವರು ಹೇಳಿದ್ದರಿಂದಲೇ ವಿಷಯ ಹೊರಗೆ ಬಂದು, 1946ರ ಅಕ್ಟೋಬರ್‌ನಲ್ಲಿ ಪದಕ ಘೋಷಣೆಯಾಯಿತು. ವಿಕ್ಟೋರಿಯಾ ಕ್ರಾಸ್ ಶತ್ರುವಿನ ಎದುರು ತೋರಿದ ಧೈರ್ಯಕ್ಕೆ ಸಲ್ಲುತ್ತದೆಯೇ ಹೊರತು ಪ್ರಯತ್ನ ಫಲಿಸಿತೇ ಎಂಬುದಕ್ಕಲ್ಲ. ಬ್ರಿಟನ್ನಿನ ಬಾಂಬ್ ದಾಳಿ ಪಡೆಯಾದ ಬಾಂಬರ್ ಕಮಾಂಡ್‌ನ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಮಡಿದರು. ಹೇಳಲು ಯಾರೂ ಉಳಿಯದ ಕಾರಣ ಇಂಥ ಎಷ್ಟು ಕೃತ್ಯಗಳು ಆ ವಿಮಾನಗಳೊಂದಿಗೇ ಸುಟ್ಟುಹೋದವೋ ಎಂದು ನೆನೆದರೆ ನನ್ನ ಮನಸ್ಸು ಭಾರವಾಗುತ್ತದೆ.

ಮಿನಾರ್ಸ್ಕಿಯವರ ಸಮಾಧಿ ಉತ್ತರ ಫ್ರಾನ್ಸಿನ ಮೆಹಾರಿಕೂರ್ ಎಂಬ ಹಳ್ಳಿಯ ಸ್ಮಶಾನದಲ್ಲಿದೆ. ಅವರು ಕೊನೆಯ ಬಾರಿ ಹಾರಿ ಹೊರಟ ಇಂಗ್ಲೆಂಡಿನ ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆಯಲ್ಲಿ 2005ರಲ್ಲಿ ಅವರ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಅದರಲ್ಲಿ ಅವರು ಸೆಲ್ಯೂಟ್ ಮಾಡುತ್ತ ನಿಂತಿದ್ದಾರೆ.